ಗಣಕಯಂತ್ರಗಳ ಗಡಿಯಾರ ಮತ್ತು ಅದರ ಕಾವಲು



ಮುಂಬೈಯ ಗೃಹಸ್ಥರೊಬ್ಬರು ತಮ್ಮ ಬ್ಯಾಂಕ್ ಕಾರ್ಡು ಕಳೆದುಹೋದುದನ್ನು ಬೆಳಿಗ್ಗೆ 10 ಗಂಟೆ 5 ನಿಮಿಷಕ್ಕೆ ದೂರವಾಣಿಯ ಮೂಲಕ ಬ್ಯಾಂಕಿಗೆ ತಿಳಿಸಿದರೆಂದು ಭಾವಿಸೋಣ. 10 ಗಂಟೆ 6 ನಿಮಿಷಕ್ಕೆ ಕಳ್ಳನು ಆ ಕಾರ್ಡಿನಿಂದ ಹಣ ತೆಗೆದನು. ದೂರನ್ನು ದಾಖಲಿಸಿದ ಗಣಕಯಂತ್ರದ ಗಡಿಯಾರವು ಎರಡು ನಿಮಿಷ ಮುಂದಿದ್ದರೆ ದೂರಿನ ಸಮಯ 10 ಗಂಟೆ 7 ನಿಮಿಷವೆಂದು ದಾಖಲಾಗುತ್ತದೆ. ಅಲ್ಲಿಗೆ ಕಳವು ಮೊದಲು, ದೂರು ನಂತರ ಎಂದಾಯಿತು. ದೂರಿನ ನಂತರ ಉಂಟಾಗುವ ನಷ್ಟವನ್ನು ಬ್ಯಾಂಕೇ ಭರಿಸಬೇಕೆಂದು ಭಾರತೀಯ ರಿಸರ್ವ್ ಬ್ಯಾಂಕು 2017ರಲ್ಲಿ ಸೂಚಿಸಿತು. ದಾಖಲೆಯ ಸಮಯವೇ ತಪ್ಪಾದರೆ ಈ ರಕ್ಷಣೆಯು ಗ್ರಾಹಕರ ಕೈತಪ್ಪುವ ಸಂಭವವುಂಟು.

ಗಣಕಯಂತ್ರದ ಗಡಿಯಾರವು ಸ್ಫಟಿಕವೊಂದರ ಕಂಪನವನ್ನು ಎಣಿಸಿ ನಡೆಯುತ್ತದೆ. ಉಷ್ಣತೆ ಬದಲಾದಂತೆ, ಸ್ಫಟಿಕವು ಹಳೆಯದಾದಂತೆ ಕಂಪನದ ವೇಗವೂ ಬದಲಾಗುತ್ತದೆ. ಲಕ್ಷಕ್ಕೆ ಒಂದು ಪಾಲಿನಷ್ಟು ವ್ಯತ್ಯಾಸವಾದರೂ ತಿಂಗಳಿಗೆ ಸುಮಾರು 26 ಸೆಕೆಂಡುಗಳ ಅಂತರ ಬೀಳುತ್ತದೆ.

ಇದರ ಪರಿಹಾರಕ್ಕಾಗಿ ಅಮೆರಿಕದ ವಿಜ್ಞಾನಿ ಡೇವಿಡ್ ಮಿಲ್ಸ್ ಅವರು ‘ನೆಟ್‌ವರ್ಕ್ ಟೈಮ್ ಪ್ರೋಟೊಕಾಲ್’ ಎಂಬ ವಿಧಾನವನ್ನು ರೂಪಿಸಿ, 1985ರಲ್ಲಿ ಪ್ರಕಟಿಸಿದರು. ಇದರಂತೆ ಗಣಕಯಂತ್ರವು ಜಾಲದ ಮೂಲಕ ಕಾಲದ ಸರ್ವರನ್ನು ಸಮಯ ಕೇಳುತ್ತದೆ. ಪ್ರಶ್ನೆ ಹೋಗಿ ಉತ್ತರ ಬರಲು 60 ಮಿಲಿಸೆಕೆಂಡು ಪ್ರಯಾಣಕಾಲ ಹಿಡಿದರೆ, ಒಂದು ಕಡೆಯ ದಾರಿಗೆ 30 ಎಂದು ಲೆಕ್ಕಹಾಕಿ ತನ್ನ ಅಂತರವನ್ನು ತಿಳಿದುಕೊಳ್ಳುತ್ತದೆ. ನಮ್ಮ ದೇಶದ ಪ್ರಮಾಣಿತ ಕಾಲವನ್ನು ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು ಪರಮಾಣು ಗಡಿಯಾರಗಳ ನೆರವಿನಿಂದ ಕಾಪಾಡುತ್ತಿದೆ.

ಆದರೆ ಒಮ್ಮೆ ಹೊಂದಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಜಾಲದ ಸಂಪರ್ಕ ಕಡಿದರೂ ಗಡಿಯಾರ ನಡೆಯುತ್ತಲೇ ಇರುತ್ತದೆ. ತಾನು ತಪ್ಪುತ್ತಿರುವುದನ್ನು ತಾನೇ ಹೇಳದು. ಆದುದರಿಂದ ಪ್ರತಿಯೊಂದು ಯಂತ್ರದ ಅಂತರ, ಉತ್ತರದ ವಿಳಂಬ, ಕೊನೆಯ ಬಾರಿ ಸಮಯ ಪಡೆದ ಗಳಿಗೆ ಇವನ್ನು ಮತ್ತೊಂದು ಯಂತ್ರವು ಸತತವಾಗಿ ಗಮನಿಸುತ್ತಿದ್ದು, ಅಂತರವು ಮಿತಿಮೀರಿದೊಡನೆ ಎಚ್ಚರಿಸಬೇಕು. ಎರಡೇ ಸರ್ವರುಗಳನ್ನು ನಂಬಿದರೆ, ಅವು ಭಿನ್ನ ಉತ್ತರ ಕೊಟ್ಟಾಗ ಯಾವುದು ಸರಿಯೆಂದು ತಿಳಿಯದು. ಹಲವು ಸರ್ವರುಗಳಿದ್ದರೆ ತಪ್ಪಿದ್ದನ್ನು ಗುರುತಿಸಬಹುದು.

ದೇಶದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್, 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ, ಸಂಸ್ಥೆಗಳು ತಮ್ಮ ಗಡಿಯಾರಗಳನ್ನು ಈ ಪ್ರಯೋಗಾಲಯದ ಅಥವಾ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಸರ್ವರುಗಳಿಗೆ, ಇಲ್ಲವೇ ಅವುಗಳನ್ನು ಅನುಸರಿಸುವ ಸರ್ವರುಗಳಿಗೆ ಹೊಂದಿಸಬೇಕೆಂದು ವಿಧಿಸಿತು.

ಸಾರ್ವಜನಿಕರೂ ತಮ್ಮ ದೂರವಾಣಿ ಹಾಗೂ ಗಣಕಯಂತ್ರಗಳಲ್ಲಿ ಸಮಯವು ತಾನಾಗಿ ಸರಿಹೊಂದುವ ವ್ಯವಸ್ಥೆಯನ್ನು ಚಾಲನೆಯಲ್ಲಿಡುವುದು ಒಳಿತು. ಬ್ಯಾಂಕಿಗೆ ದೂರು ನೀಡಿದಾಗ ದೂರಿನ ಸಂಖ್ಯೆಯನ್ನೂ ಸಮಯವನ್ನೂ ಬರೆದಿಟ್ಟುಕೊಳ್ಳಬೇಕು. ಯಂತ್ರದ ದಾಖಲೆ ತಪ್ಪಿದ ದಿನ ಆ ಬರಹವೇ ಅವರ ಪರವಾಗಿ ಮಾತನಾಡೀತು.