ಕಿವಿಗೊಡುವುದೂ ದಾಸೋಹವೇ

(ಮಠದ ಮಾಸಿಕ ಅನುಭಾವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಅನ್ನದಾಸೋಹ, ಅಕ್ಷರದಾಸೋಹಗಳ ಬಗ್ಗೆ ಈ ಸಭೆಗೆ ನಾನು ಹೇಳಬೇಕಾದದ್ದು ಏನೂ ಇಲ್ಲ. ತುಮಕೂರಿನ ಸಿದ್ಧಗಂಗೆ, ಧಾರವಾಡದ ಮುರುಘಾಮಠ ಮೊದಲಾದ ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು ಓದಿದವರು ನಾಡಿನ ತುಂಬ ಇದ್ದಾರೆ. ಇಂದು ನಾನು ಮಾತನಾಡಬೇಕೆಂದಿರುವುದು ಅದೇ ಮಕ್ಕಳ ಮನಸ್ಸಿನ ಬಗ್ಗೆ. ವಿಷಯ ಕಹಿಯಾದದ್ದು, ಆದರೂ ಮಠದ ಅಂಗಳದಲ್ಲಿ ಆಡಲೇಬೇಕಾದದ್ದು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿಯಂತೆ 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳು 13,044. ದಿನಕ್ಕೆ ಮೂವತ್ತೈದು ಮಕ್ಕಳು. ಇದಕ್ಕೆ ಪರೀಕ್ಷೆಯೊಂದೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಖಿನ್ನತೆಯ ಕಾಯಿಲೆ, ಮನೆಯ ಸಾಲ, ಮುರಿದ ಪ್ರೀತಿ, ರ‍್ಯಾಗಿಂಗ್, ಜಾತಿಯ ಅವಮಾನ, ಹಳ್ಳಿಯ ಕನ್ನಡ ಶಾಲೆಯಿಂದ ಬಂದು ಇಂಗ್ಲಿಷ್ ತರಗತಿಯಲ್ಲಿ ಬಾಯಿ ಬಿಡಲಾಗದ ಸಂಕಟ, ಇಂಥವು ಒಂದರ ಮೇಲೊಂದು ಕೂಡುತ್ತವೆ.

ನಾನು ಸರಕಾರದ ಕೆಲಸದಲ್ಲಿ ರಸ್ತೆ, ಸೇತುವೆಗಳನ್ನು ನೋಡಿಕೊಂಡು ಬಂದವನು. ಸೇತುವೆ ಕಟ್ಟುವಾಗ ಭಾಗ ಭಾಗಗಳ ನಡುವೆ ಸ್ವಲ್ಪ ಸಂದು ಬಿಡುತ್ತೇವೆ. ಬಿಸಿಲಿಗೆ ಅದು ಹಿಗ್ಗಬೇಕು, ಚಳಿಗೆ ಕುಗ್ಗಬೇಕು. ಸಂದು ಬಿಡದಿದ್ದರೆ ಗಟ್ಟಿ ಕಾಂಕ್ರೀಟೂ ಬಿರುಕು ಬಿಡುತ್ತದೆ. ಹಾಗೆಯೇ ಮಳೆಗಾಲಕ್ಕೆ ಮೊದಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಹೋಗಿ ಪರೀಕ್ಷಿಸುತ್ತೇವೆ. ಮಕ್ಕಳ ವಿಷಯದಲ್ಲಿ ನಾವು ಭಾರ ಹೇರುತ್ತೇವೆ, ಸಂದು ಬಿಡುವುದಿಲ್ಲ. ಪರೀಕ್ಷೆಗೆ ಮುನ್ನ, ಫಲಿತಾಂಶದ ನಂತರ ಯಾರೂ ಹೋಗಿ ನೋಡುವುದೂ ಇಲ್ಲ.

ಪ್ರಸಾದ ನಿಲಯಕ್ಕೆ ದೊಡ್ಡ ವಿಶ್ವವಿದ್ಯಾಲಯಗಳಿಗೂ ಇಲ್ಲದ ಒಂದು ಅನುಕೂಲವಿದೆ. ಅಲ್ಲಿ ಎಲ್ಲರೂ ದಿನಕ್ಕೆ ಎರಡು ಸಲ ಒಂದೇ ಪಂಕ್ತಿಯಲ್ಲಿ ಕೂಡುತ್ತಾರೆ. ಯಾವ ಹುಡುಗ ನಾಲ್ಕು ದಿನದಿಂದ ಊಟಕ್ಕೆ ಬಂದಿಲ್ಲ, ಯಾರು ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕುಳಿತಿದ್ದಾನೆ, ಯಾರು ತನ್ನ ಪುಸ್ತಕ, ವಾಚುಗಳನ್ನು ಗೆಳೆಯರಿಗೆ ಹಂಚುತ್ತಿದ್ದಾನೆ, ಯಾರು ನಿದ್ದೆಗೆಟ್ಟಿದ್ದಾನೆ, ಇದು ಬಡಿಸುವವರ ಕಣ್ಣಿಗೆ ಮೊದಲು ಬೀಳುತ್ತದೆ. ಕಂಡದ್ದನ್ನು ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ.

ಮಾಡಬೇಕಾದದ್ದು ಇಷ್ಟು. ಒಬ್ಬನೇ ಇದ್ದಾಗ ಪಕ್ಕದಲ್ಲಿ ಕುಳಿತು ನೇರವಾಗಿ ಕೇಳಬೇಕು: "ತಮ್ಮಾ, ಸಾಯಬೇಕು ಅನ್ನಿಸ್ತಾ ಇದೆಯೇನಪ್ಪ?" ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂಬ ಭಯ ಬೇಡ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ, ಎದೆಯ ಭಾರ ಇಳಿಯುತ್ತದೆ ಎಂಬುದು ಮನೋವೈದ್ಯರ ಅನುಭವ. ಆಮೇಲೆ ಬುದ್ಧಿ ಹೇಳದೆ, ಬೈಯದೆ ಕೇಳಿಸಿಕೊಳ್ಳಬೇಕು. ಹೌದು ಎಂದರೆ ಒಂಟಿಯಾಗಿ ಬಿಡಬಾರದು, ಅಪಾಯದ ವಸ್ತುಗಳನ್ನು ದೂರವಿಡಬೇಕು, ಕೂಡಲೇ ವೈದ್ಯರ ಬಳಿಗೆ ಕರೆದುಕೊಂಡು ಹೋಗಬೇಕು. 14416ಕ್ಕೆ ಕರೆ ಮಾಡಬಹುದು. ಅದು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸಹಾಯವಾಣಿ. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತನಾಡುತ್ತಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೂ ಇದೆ. ಇಡೀ ದೇಶಕ್ಕೆ ಅದರ ಮಾದರಿಯಾದದ್ದು ನಿಮ್ಹಾನ್ಸ್ ಸಂಸ್ಥೆ ನಮ್ಮ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ ಎಂಬುದು ನೆನಪಿರಲಿ.

ಪೊಲೀಸ್ ಕೇಸಾದೀತೆಂದು ಮುಚ್ಚಿಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಆರೈಕೆ ಕೊಡಬೇಕೆನ್ನುತ್ತದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಕಲಮು ಇಲ್ಲ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಒಬ್ಬ ಅರ್ಹ ಆಪ್ತಸಮಾಲೋಚಕರಾದರೂ ಇರಬೇಕು, ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲ ತರಬೇತಿ ಆಗಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ನಮ್ಮ ಮಠಗಳ ವಿದ್ಯಾಸಂಸ್ಥೆಗಳು ನೋಟಿಸು ಬರುವವರೆಗೆ ಕಾಯಬೇಕೆ?

ಇನ್ನೊಂದು ಮಾತು ಕೆಲವರಿಗೆ ಹಿಡಿಸದಿರಬಹುದು. ವರ್ಷಕ್ಕೊಮ್ಮೆ ಪ್ರತಿಭಾ ಪುರಸ್ಕಾರ ಮಾಡಿ ಶೇಕಡಾ ತೊಂಬತ್ತು ತೆಗೆದವರಿಗೆ ಶಾಲು ಹೊದಿಸುತ್ತೇವೆ. ಎರಡು ವಿಷಯ ಬಾಕಿ ಉಳಿಸಿಕೊಂಡ ಹುಡುಗ ಅದೇ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತಿರುತ್ತಾನೆ. ಅವನಿಗೆ ಆ ಸಭೆ ಏನು ಹೇಳಿತು? ಅಂಕ ನೋಡಿ ಆಸನ ಕೊಡುವ ಪದ್ಧತಿ ಅನುಭವ ಮಂಟಪದಲ್ಲಿ ಇರಲಿಲ್ಲ. ಮಡಿವಾಳ ಮಾಚಿದೇವರೂ ಮಾದಾರ ಚೆನ್ನಯ್ಯನವರೂ ಶರಣರಿಗೆ ಗೌರವಾನ್ವಿತರಾಗಿದ್ದರು. ಬಸವಣ್ಣನವರು ತಮ್ಮ ಮನಸ್ಸಿನ ಚಂಚಲತೆಯನ್ನು, ಅಳಲನ್ನು ವಚನಗಳಲ್ಲಿ ಮುಚ್ಚಿಡಲಿಲ್ಲ. ಅವರನ್ನು ಗುರುವೆನ್ನುವ ನಾವು ಮಗ ಮನೋವೈದ್ಯರ ಬಳಿ ಹೋದರೆ ಸಂಬಂಧ ತಪ್ಪೀತೆಂದು ಅಂಜುತ್ತೇವೆ. ಗ್ರಹಚಾರವೆಂದು ಜ್ಯೋತಿಷಿಯ ಬಾಗಿಲು ತಟ್ಟುತ್ತೇವೆ. ಇದು ಶರಣ ಮಾರ್ಗವಲ್ಲ.

ಮಗುವನ್ನು ಕಳೆದುಕೊಂಡ ಮನೆಯವರೂ ನಮ್ಮ ನಡುವೆ ಇದ್ದಾರೆ. ಎಷ್ಟೇ ಎಚ್ಚರವಿದ್ದರೂ ಎಲ್ಲ ಸೂಚನೆಗಳೂ ಎಲ್ಲರಿಗೂ ಕಾಣುವುದಿಲ್ಲ. ಅವರನ್ನು ಪ್ರಶ್ನಿಸಬೇಡಿ, ಪಾಪದ ಮಾತಾಡಬೇಡಿ. ಹೋಗಿ ಕುಳಿತು ಬನ್ನಿ.

ಪೂಜ್ಯರಲ್ಲಿ ನನ್ನ ಮೂರು ಬಿನ್ನಹಗಳಿವೆ. ಪ್ರಸಾದ ನಿಲಯದ ವಾರ್ಡನ್ನರಿಗೂ ಅಡುಗೆಯವರಿಗೂ ಮನೋವೈದ್ಯರಿಂದ ತರಬೇತಿ ಕೊಡಿಸಬೇಕು. ಊಟದ ಮನೆಯ ಗೋಡೆಯ ಮೇಲೆ 14416 ಎಂದು ದೊಡ್ಡದಾಗಿ ಬರೆಸಬೇಕು. ಫಲಿತಾಂಶ ಬಂದ ವಾರ ಹಿರಿಯರಿಬ್ಬರು ಪ್ರತಿ ಸಂಜೆ ಮಕ್ಕಳೊಡನೆ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕು. ಆ ವಾರದ ಪಾಳಿಗೆ ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿ.