ವಿಶ್ವಾಸದ ಮನೆಗೆ ನಂಬದ ಮಾಮ ಬಂದಾಗ

(ಪಾಲಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಯಾವ ಧರ್ಮವನ್ನೂ ಅನುಸರಿಸದ ಕೆಲವು ಬಂಧುಗಳೂ ಈ ಸಭೆಯಲ್ಲಿದ್ದಾರೆ. ಇಂದಿನ ವಿಷಯವು ಅವರಿಗೂ ನಮಗೂ ಸಮಾನವಾಗಿ ಸಂಬಂಧಿಸಿದ್ದಾಗಿದೆ.

ನಮ್ಮ ಕುಟುಂಬಗಳ ಸ್ವರೂಪ ಬದಲಾಗಿದೆ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬರು ಐದು ಹೊತ್ತಿನ ನಮಾಝ್ ನಿರ್ವಹಿಸುತ್ತಾರೆ. ಇನ್ನೊಬ್ಬರು ಓದು, ಉದ್ಯೋಗ, ಚಳವಳಿಗಳ ದಾರಿಯಲ್ಲಿ ನಡೆದು ದೇವವಿಶ್ವಾಸದಿಂದ ದೂರ ಸರಿದಿದ್ದಾರೆ. ಇದನ್ನು ನಾವು ಮದುವೆ ಮನೆಗಳಲ್ಲಿ ಪಿಸುಮಾತಿನಲ್ಲಿ ಆಡುತ್ತೇವೆಯೇ ಹೊರತು ಬಹಿರಂಗವಾಗಿ ಚರ್ಚಿಸುವುದಿಲ್ಲ. ಹಿರಿಯರ ಈ ಮೌನದ ಭಾರವನ್ನು ಹೊರುವವರು ಮಕ್ಕಳು. ಮದ್ರಸದಿಂದ ಬಂದ ಏಳು ವರ್ಷದ ಮಗು, "ಮಾಮಾ, ನೀವೇಕೆ ಜುಮಾಕ್ಕೆ ಹೋಗುವುದಿಲ್ಲ?" ಎಂದು ಕೇಳುತ್ತದೆ. ಮನೆಯವರೆಲ್ಲ ಮುಖ ಮುಖ ನೋಡಿಕೊಳ್ಳುತ್ತಾರೆ. ಆಗ ಮಾಮ ಏನು ಹೇಳಬೇಕು? ತಂದೆ ತಾಯಿ ಏನು ಮಾಡಬೇಕು?

ಮೊದಲು ನಂಬದ ಬಂಧುಗಳಲ್ಲಿ ಒಂದು ವಿನಂತಿ. ದಯವಿಟ್ಟು ಮಗುವಿನೊಡನೆ ಸುಳ್ಳಾಡಬೇಡಿ. "ಈಗ ತಾನೇ ನಮಾಝ್ ಮಾಡಿ ಬಂದೆ" ಎಂದರೆ ಆ ಕ್ಷಣದ ಮುಜುಗರ ತಪ್ಪಬಹುದು. ಆದರೆ ಧರ್ಮದ ವಿಷಯದಲ್ಲಿ ಸುಳ್ಳು ಹೇಳಬಹುದು ಎಂಬ ಪಾಠವನ್ನು ಮಗು ನಿಮ್ಮಿಂದಲೇ ಕಲಿಯುತ್ತದೆ. ಹಾಗೆಯೇ ಅಪಹಾಸ್ಯವನ್ನೂ ಮಾಡಬೇಡಿ. ರಮಝಾನಿನಲ್ಲಿ ಹಟ ಹಿಡಿದು ಮೊದಲ ಉಪವಾಸ ಹಿಡಿದ ಮಗುವಿನ ಮುಂದೆ ಐಸ್‌ಕ್ರೀಮ್ ಇಟ್ಟು, "ತಿನ್ನು, ಯಾರೂ ನೋಡುವುದಿಲ್ಲ" ಎನ್ನುವುದು ವೈಚಾರಿಕತೆಯಲ್ಲ. ಅದು ತನ್ನ ಅರ್ಧ ವಯಸ್ಸೂ ಆಗದ ಜೀವದ ಮೇಲೆ ಸಾಧಿಸುವ ಅಗ್ಗದ ಗೆಲುವು. ಮಗು ಬಳಲಿದ್ದರೆ ಅದರ ತಾಯಿಗೆ ಹೇಳಿ. ಎಳೆಯ ಮಕ್ಕಳ ಮೇಲೆ ಉಪವಾಸ ಕಡ್ಡಾಯವಲ್ಲ ಎಂಬುದು ಆಕೆಗೂ ಗೊತ್ತಿದೆ. ಮಗು ನಿಮ್ಮ ಮನೆಯಲ್ಲಿ ತಂಗಿದಾಗ ತಟ್ಟೆಯಲ್ಲಿರುವ ಮಾಂಸ ಹಲಾಲ್ ಅಲ್ಲದಿದ್ದರೆ ಅದನ್ನು ಬಚ್ಚಿಡದೆ ಹೇಳಿ. ನಂಬಿ ಕಳುಹಿಸಿದವರ ನಂಬಿಕೆಯನ್ನು ಉಳಿಸಿಕೊಳ್ಳಲು ದೇವವಿಶ್ವಾಸಿಯೇ ಆಗಿರಬೇಕೆಂದೇನೂ ಇಲ್ಲ.

ಹಾಗಾದರೆ ಏನು ಹೇಳಬಹುದು? "ನಾನು ನಮಾಝ್ ಮಾಡುವುದಿಲ್ಲ, ಮಗೂ. ನಿನ್ನ ಅಪ್ಪ ಅಮ್ಮ ಮಾಡುತ್ತಾರೆ. ಏಕೆ ಮಾಡುತ್ತಾರೆ ಎಂಬುದನ್ನು ಅವರೇ ಚೆನ್ನಾಗಿ ಹೇಳಬಲ್ಲರು." ಇಷ್ಟು ಸಾಕು. ಇದರಲ್ಲಿ ಸುಳ್ಳೂ ಇಲ್ಲ, ದಾಳಿಯೂ ಇಲ್ಲ. ಮನೆಯಲ್ಲಿ ಸಾವು ಸಂಭವಿಸಿ ಮಗು, "ಅಜ್ಜ ಈಗ ಎಲ್ಲಿದ್ದಾರೆ?" ಎಂದು ಕೇಳಿದಾಗಲೂ ಹೀಗೆಯೇ. ಪರಲೋಕದ ಕುರಿತ ವಾದಕ್ಕೆ ಅದು ಸಮಯವಲ್ಲ. "ಅಜ್ಜ ಅಲ್ಲಾಹನ ಬಳಿಗೆ ಮರಳಿದ್ದಾರೆಂದು ನಿನ್ನ ತಾಯಿ ನಂಬುತ್ತಾಳೆ. ನನಗೂ ಅವರ ನೆನಪು ಬಹಳವಾಗಿ ಕಾಡುತ್ತಿದೆ" ಎಂದರೆ ಮಗುವಿಗೆ ಸಾಂತ್ವನ ಸಿಗುತ್ತದೆ, ನಿಮ್ಮ ಪ್ರಾಮಾಣಿಕತೆಗೂ ಭಂಗ ಬರುವುದಿಲ್ಲ.

ಇನ್ನು ನಮ್ಮ ಸರದಿ. ಮದ್ರಸದ ಚಾಪೆಯ ಮೇಲೂ ಕಾಲೇಜಿನ ಬೆಂಚಿನ ಮೇಲೂ ಕುಳಿತು ಬಂದ ನಾವು ಎರಡೂ ಕಡೆಯ ಮಾತುಗಳನ್ನು ಬಲ್ಲೆವು. "ಮಾಮನ ಹತ್ತಿರ ಹೋಗಬೇಡ, ಈಮಾನ್ ಕೆಡುತ್ತದೆ" ಎಂದು ಮಗುವಿಗೆ ಕಲಿಸುವವರು ನಮ್ಮಲ್ಲಿಲ್ಲವೇ? "ಚಿಕ್ಕಪ್ಪ ನರಕಕ್ಕೆ ಹೋಗುತ್ತಾರೆ" ಎಂದು ಮಗುವಿನ ಬಾಯಿಂದಲೇ ಹೇಳಿಸಿ ನಗುವವರಿಲ್ಲವೇ? ತನಗೆ ಸೈಕಲ್ ಕಲಿಸಿದ, ಜ್ವರ ಬಂದಾಗ ರಾತ್ರಿಯಿಡೀ ಎಚ್ಚರವಿದ್ದ ಮನುಷ್ಯನನ್ನು ದ್ವೇಷಿಸಬೇಕೆಂದರೆ ಆ ಮಗುವಿನ ಮನಸ್ಸಿನಲ್ಲಿ ಧರ್ಮಕ್ಕೆ ಯಾವ ಸ್ಥಾನ ಉಳಿದೀತು?

ಪವಿತ್ರ ಕುರ್‌ಆನ್ ನಮಗೆ ತೋರಿಸಿದ ದಾರಿ ಇದಲ್ಲ. ತಂದೆ ತಾಯಿಗಳೇ ಬಹುದೇವಾರಾಧನೆಗೆ ಒತ್ತಾಯಿಸಿದರೂ ಆ ಒಂದು ವಿಷಯದಲ್ಲಿ ಅನುಸರಿಸದೆ, ಲೌಕಿಕ ಬದುಕಿನಲ್ಲಿ ಅವರೊಡನೆ ಸೌಜನ್ಯದಿಂದಲೇ ಬಾಳಬೇಕೆಂಬುದು ಲುಕ್ಮಾನ್ ಅಧ್ಯಾಯದ 15ನೆಯ ಸೂಕ್ತದ ಆಶಯ. ಹುದೈಬಿಯಾ ಒಪ್ಪಂದದ ಕಾಲದಲ್ಲಿ, ಅಬೂಬಕರ್(ರ)ರ ಪುತ್ರಿ ಅಸ್ಮಾ(ರ)ರ ತಾಯಿ ಮಗಳನ್ನು ನೋಡಲು ಮದೀನಾಕ್ಕೆ ಬಂದರು. ಆಕೆ ಇಸ್ಲಾಮ್ ಸ್ವೀಕರಿಸಿರಲಿಲ್ಲ. ಅಸ್ಮಾ(ರ) ಪ್ರವಾದಿ(ಸ)ಯವರಲ್ಲಿ ವಿಚಾರಿಸಿದಾಗ, ತಾಯಿಯೊಂದಿಗೆ ಸಂಬಂಧವನ್ನು ಜೋಡಿಸಿಕೊಳ್ಳುವಂತೆಯೇ ಅವರು ನಿರ್ದೇಶಿಸಿದರು. ಸ್ವತಃ ಪ್ರವಾದಿ(ಸ)ಯವರು ಎಂಟರ ವಯಸ್ಸಿನಿಂದ ಬೆಳೆದದ್ದು ದೊಡ್ಡಪ್ಪ ಅಬೂತಾಲಿಬರ ಆಸರೆಯಲ್ಲಿ. ಅವರು ಕೊನೆಯವರೆಗೂ ಇಸ್ಲಾಮ್ ಸ್ವೀಕರಿಸಲಿಲ್ಲವೆಂಬುದೇ ಬಹುಪಾಲು ಸುನ್ನಿ ವಿದ್ವಾಂಸರ ಅಭಿಪ್ರಾಯ. ಆದರೂ ಮಕ್ಕಾದ ಬಹಿಷ್ಕಾರದ ದಿನಗಳಲ್ಲಿ ಅವರು ಮಗನಂತಿದ್ದ ಆ ಬಂಧುವಿನ ಕೈ ಬಿಡಲಿಲ್ಲ. ಇವರಾರೂ ಇಂದಿನ ಅರ್ಥದ ನಾಸ್ತಿಕರಾಗಿರಲಿಲ್ಲ, ನಿಜ. ಆದರೆ ವಿಶ್ವಾಸ ಬೇರೆಯಾದ ಮಾತ್ರಕ್ಕೆ ರಕ್ತಸಂಬಂಧ ಕಡಿಯುವುದಿಲ್ಲ ಎಂಬ ತತ್ವ ಇಲ್ಲಿ ಸ್ಪಷ್ಟವಾಗಿದೆ.

ಮಗುವಿನ ಧರ್ಮದ ಕುರಿತು ಹಿರಿಯರ ಜಗಳ ನಮ್ಮ ಸಮುದಾಯದಲ್ಲಿ ಮಾತ್ರ ಹುಟ್ಟಿದ್ದಲ್ಲ. 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಅದು ನ್ಯಾಯಾಲಯದ ಮೆಟ್ಟಿಲೇರಿತ್ತು. ಮುಂದೆ ಭಾರತದ ಹೋಮ್‌ರೂಲ್ ಚಳವಳಿಯ ನಾಯಕಿಯಾದ ಆ್ಯನಿ ಬೆಸೆಂಟ್ ಅಂದು ನಾಸ್ತಿಕಳಾಗಿದ್ದರು. ಸಂತಾನ ನಿಯಂತ್ರಣದ ಕಿರುಪುಸ್ತಕವನ್ನೂ ಪ್ರಕಟಿಸಿದ್ದರು. ಈ ಕಾರಣಗಳಿಂದ 1878ರಲ್ಲಿ ನ್ಯಾಯಾಲಯವು ಅವರ ಪುಟ್ಟ ಮಗಳನ್ನು ಕಿತ್ತು ಪಾದ್ರಿಯಾಗಿದ್ದ ತಂದೆಗೆ ಒಪ್ಪಿಸಿತು. ಬೆಳೆದ ಮೇಲೆ ಮಗಳೂ ಮಗನೂ ತಾಯಿಯ ಬಳಿಗೇ ಬಂದರು. ತತ್ವಜ್ಞಾನಿ ಬರ್ಟ್ರಂಡ್ ರಸೆಲ್‌ರ ತಂದೆ 1876ರಲ್ಲಿ ತೀರಿಕೊಳ್ಳುವ ಮುನ್ನ ತನ್ನ ಮಕ್ಕಳಿಗೆ ಧರ್ಮವನ್ನು ನಂಬದ ಪೋಷಕರನ್ನು ಉಯಿಲಿನಲ್ಲಿ ನೇಮಿಸಿದ್ದರು. ಅಜ್ಜ ಅಜ್ಜಿ ನ್ಯಾಯಾಲಯದ ಮೂಲಕ ಅದನ್ನು ರದ್ದುಗೊಳಿಸಿದರು. ದೈವಭಕ್ತೆ ಅಜ್ಜಿಯ ಮನೆಯಲ್ಲಿ ಬೆಳೆದ ಆ ಬಾಲಕ ಹದಿಹರೆಯ ಮುಗಿಯುವ ಮುನ್ನವೇ ದೇವವಿಶ್ವಾಸವನ್ನು ತೊರೆದನು. ಮಗುವನ್ನು ಎಳೆದಾಡಿ ಮನೆ ಬದಲಿಸಬಹುದು, ಮನಸ್ಸನ್ನು ಗೆಲ್ಲಲಾಗುವುದಿಲ್ಲ. ಇದು ವಿಶ್ವಾಸಿಗಳೂ ಅವಿಶ್ವಾಸಿಗಳೂ ಕಲಿಯಬೇಕಾದ ಪಾಠ.

ನಮ್ಮ ಸಂವಿಧಾನದ 28ನೆಯ ವಿಧಿಯ ಪ್ರಕಾರ, ಸರಕಾರದ ಮಾನ್ಯತೆ ಅಥವಾ ಅನುದಾನವಿರುವ ಶಾಲೆಯಲ್ಲಿ ಅಪ್ರಾಪ್ತ ವಯಸ್ಸಿನ ಮಗುವನ್ನು ಪಾಲಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ನಮ್ಮನ್ನು ಕೇಳದೆ ಶಾಲೆಯಲ್ಲಿ ನಮ್ಮ ಮಕ್ಕಳಿಗೆ ಅನ್ಯ ಧರ್ಮದ ಆಚರಣೆ ಕಲಿಸಿದಾಗ ನಾವು ಈ ವಿಧಿಯನ್ನು ನೆನಪಿಸುತ್ತೇವೆ. ಅನೇಕ ವಿಚಾರವಾದಿ ಗೆಳೆಯರೂ ಆಗ ನಮ್ಮ ಜೊತೆ ನಿಲ್ಲುತ್ತಾರೆ. ಶಾಲೆಗೆ ಅನ್ವಯಿಸುವ ಈ ಮರ್ಯಾದೆ ಮಾಮನ ಮನೆಯ ಜಗಲಿಗೂ ಅನ್ವಯಿಸಬೇಡವೇ?

ಆದರೆ ಮಗು ಮಗುವಾಗಿಯೇ ಉಳಿಯುವುದಿಲ್ಲ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತವು 1992ರಲ್ಲಿ ಸೇರಿತು. ಅದರ 14ನೆಯ ವಿಧಿಯು ಧರ್ಮದ ವಿಷಯದಲ್ಲಿ ಪಾಲಕರ ಮಾರ್ಗದರ್ಶನವನ್ನು ಮಾನ್ಯ ಮಾಡುತ್ತಲೇ, ಅದು ಮಗುವಿನ ಬೆಳೆಯುವ ಸಾಮರ್ಥ್ಯಕ್ಕೆ ತಕ್ಕಂತಿರಬೇಕು ಎನ್ನುತ್ತದೆ. ಹದಿನಾರರ ಹುಡುಗಿ ಪ್ರಶ್ನೆ ಕೇಳಿದರೆ ನಾವು ಗದರಿಸಬಾರದು. ಆಕೆ ಸೋದರಮಾವನೊಡನೆ ಚರ್ಚಿಸಲಿ, ನಮ್ಮೊಡನೆಯೂ ಚರ್ಚಿಸಲಿ. ಆದರೆ ಅದು ಗುಟ್ಟಿನಲ್ಲಿ ನಡೆಯದಿರಲಿ. ಉತ್ತರಿಸಲಾಗದ ಪ್ರಶ್ನೆಗೆ "ವಿದ್ವಾಂಸರಲ್ಲಿ ಕೇಳೋಣ" ಎನ್ನುವುದರಿಂದ ನಮ್ಮ ಘನತೆಯೇನೂ ಕುಂದುವುದಿಲ್ಲ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಧರ್ಮದ ಹೆಸರಿನಲ್ಲಿ ಮಗುವಿಗೆ ಹೊಡೆತ ಬೀಳುತ್ತಿದ್ದರೆ, ಓದು ನಿಲ್ಲುತ್ತಿದ್ದರೆ, ಎಳೆಯ ವಯಸ್ಸಿನಲ್ಲಿ ಮದುವೆಯ ಮಾತು ನಡೆಯುತ್ತಿದ್ದರೆ, ಆಗ ನಂಬದ ಬಂಧು ಮೌನವಾಗಿರಕೂಡದು. ಪಾಲಕರೊಡನೆ ನೇರವಾಗಿ ಮಾತನಾಡಲಿ. ಅವರು ಕೇಳದಿದ್ದರೆ 1098 ಮಕ್ಕಳ ಸಹಾಯವಾಣಿಗೆ ಕರೆ ಮಾಡಲಿ. ಇದು ಧರ್ಮದಲ್ಲಿ ಹಸ್ತಕ್ಷೇಪವಲ್ಲ, ಅನ್ಯಾಯಕ್ಕೆ ತಡೆ.

ಬಂಧುಗಳೇ, 2017ರ ಮಾರ್ಚ್‌ನಲ್ಲಿ ಕೊಯಮತ್ತೂರಿನಲ್ಲಿ ಫಾರೂಕ್ ಎಂಬ ಯುವಕನನ್ನು ಕೊಲ್ಲಲಾಯಿತು. ಆತ ನಾಸ್ತಿಕನಾಗಿದ್ದ, ಅದನ್ನು ಬಹಿರಂಗವಾಗಿ ಹೇಳುತ್ತಿದ್ದ. ಬಂಧಿತರಾದವರು ಆತ ಹುಟ್ಟಿದ ಸಮುದಾಯದವರೇ. ಆತನಿಗೂ ಪುಟ್ಟ ಮಕ್ಕಳಿದ್ದರು. ಧರ್ಮದಲ್ಲಿ ಬಲಾತ್ಕಾರವಿಲ್ಲವೆಂದು ವೇದಿಕೆಗಳಲ್ಲಿ ಸಾರುವ ನಾವು ಈ ಘಟನೆಯ ಮುಂದೆ ತಲೆತಗ್ಗಿಸಿ ನಿಲ್ಲಬೇಕಾಗಿದೆ. ಮನುಷ್ಯನನ್ನು ಅವನ ಅವಿಶ್ವಾಸಕ್ಕಾಗಿ ದ್ವೇಷಿಸುವುದನ್ನು ಯಾರೂ ಹುಟ್ಟುವಾಗಲೇ ಕಲಿತು ಬರುವುದಿಲ್ಲ. ಎಲ್ಲಿಯೋ ಯಾರೋ ಕಲಿಸಿರುತ್ತಾರೆ. ಆ ಪಾಠ ನಮ್ಮ ಮನೆಯ ಊಟದ ಸುಪ್ರದ ಸುತ್ತ ಆರಂಭವಾಗದಂತೆ ನೋಡಿಕೊಳ್ಳುವುದು ನಮ್ಮ ಹೊಣೆ.

ಆದುದರಿಂದ ಈದ್‌ಗೆ ಮುನ್ನ ನಂಬದ ಅಣ್ಣನನ್ನೋ ತಂಗಿಯನ್ನೋ ಕರೆದು ಕುಳಿತುಕೊಳ್ಳೋಣ. ಮಗುವಿಗೆ ಏನು ಹೇಳಬೇಕು, ಏನು ಹೇಳಬಾರದು ಎಂಬುದನ್ನು ಮಗುವಿನ ಬೆನ್ನ ಹಿಂದೆ ಜಗಳವಾಡದೆ ಮಾತನಾಡಿ ತೀರ್ಮಾನಿಸೋಣ. ಅವರು ನಮ್ಮ ಮಗುವಿನ ವಿಶ್ವಾಸವನ್ನು ಗೌರವಿಸಲಿ, ನಾವು ನಮ್ಮ ಮಗುವಿಗೆ ಅವರನ್ನು ಗೌರವಿಸಲು ಕಲಿಸೋಣ. ಹಿರಿಯರ ವಾದ ಹಿರಿಯರ ನಡುವೆ ನಡೆಯಲಿ.

ಸಂಬಂಧಗಳನ್ನು ಜೋಡಿಸುವವರ ಸಾಲಿನಲ್ಲಿ ಅಲ್ಲಾಹನು ನಮ್ಮನ್ನು ಸೇರಿಸಲಿ. ಆಮೀನ್.