ಸೇವಾ ಹಿರಿತನ: ಹಳಬರ ಹಕ್ಕು, ಹೊಸಬರ ಪಾಲು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಉದ್ಯೋಗದ ಬಗ್ಗೆ ಮಾತನಾಡಬೇಕೆಂದು ಸಮಿತಿಯವರು ಹೇಳಿದರು. ಯಾವ ಕೋರ್ಸು ಓದಬೇಕು, ಸಂದರ್ಶನಕ್ಕೆ ಹೇಗೆ ತಯಾರಾಗಬೇಕು ಎಂಬುದನ್ನು ನನಗಿಂತ ಮೊದಲು ಮಾತನಾಡಿದವರು ಚೆನ್ನಾಗಿ ಹೇಳಿದ್ದಾರೆ. ನಾನು ಕೆಲಸ ಸಿಕ್ಕಿದ ಮೇಲೆ ಎದುರಾಗುವ ಒಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಸರ್ಕಾರಿ ಕಚೇರಿಯಾಗಲಿ, ಕಾರ್ಖಾನೆಯಾಗಲಿ, ಸಾಫ್ಟ್‌ವೇರ್ ಕಂಪನಿಯಾಗಲಿ, ಸೇರಿದ ಕೆಲವೇ ದಿನಗಳಲ್ಲಿ ಒಂದು ಪ್ರಶ್ನೆ ತಲೆಗೆ ಬರುತ್ತದೆ: ಮೊದಲು ಬಂದವರಿಗೆ ಎಷ್ಟು, ಆಮೇಲೆ ಬಂದವರಿಗೆ ಎಷ್ಟು? ಹಬ್ಬದ ರಜೆ ಯಾರಿಗೆ, ರಾತ್ರಿ ಪಾಳಿ ಯಾರಿಗೆ? ಇದೇ ಪ್ರಶ್ನೆಯಿಂದ ಒಳ್ಳೆಯ ಜನರ ನಡುವೆ ಮಾತು ನಿಂತದ್ದನ್ನು ನಾನು ನೋಡಿದ್ದೇನೆ.

ನಮ್ಮ ಹಿರಿಯರು ಇದಕ್ಕೊಂದು ಗಾದೆ ಮಾಡಿಟ್ಟಿದ್ದಾರೆ: ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಸಾಮಾನ್ಯವಾಗಿ ಇದನ್ನು ಅತ್ತೆಯನ್ನು ಚುಚ್ಚಲು ಬಳಸುತ್ತೇವೆ. ಆದರೆ ಇದರೊಳಗೆ ಒಂದು ಭರವಸೆಯೂ ಇದೆ. ಇವತ್ತು ನೀನು ತಗ್ಗಿ ನಡೆ, ನಾಳೆ ನಿನ್ನ ಸರದಿ ಬರುತ್ತದೆ ಎಂಬ ಭರವಸೆ. ಸೇವಾ ಹಿರಿತನದ ಲೆಕ್ಕವೆಲ್ಲ ನಿಂತಿರುವುದು ಈ ಭರವಸೆಯ ಮೇಲೆ. ಭರವಸೆ ಉಳಿದಿರುವ ಕಡೆ ಹಳಬರು ಹೊಸಬರು ಹೊಂದಿಕೊಂಡು ಹೋಗುತ್ತಾರೆ. ಅದು ಮುರಿದ ಕಡೆ ಜಗಳ ಶುರುವಾಗುತ್ತದೆ. ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದು ಉದಾಹರಣೆ.

ಮೊದಲಿಗೆ, ಹಿರಿತನಕ್ಕೆ ಬೆಲೆ ಯಾಕೆ ಕೊಡಬೇಕು? ಚುರುಕಾಗಿ ಕೆಲಸ ಮಾಡುವವನಿಗೆ ಕೊಟ್ಟರೆ ಸಾಲದೇ ಎಂದು ನನ್ನ ವಯಸ್ಸಿನವರು ಕೇಳುತ್ತಾರೆ. ಯಾರು ಚುರುಕು ಎಂದು ತೀರ್ಮಾನಿಸುವವರು ಯಾರು? ಮೇಲಧಿಕಾರಿ. ಅವರಿಗೆ ಬೇಕಾದವರು, ಅವರ ಊರಿನವರು, ಶಿಫಾರಸು ತಂದವರು ಎಲ್ಲರೂ ಚುರುಕಾಗಿ ಕಾಣಿಸಬಹುದು. ಸೇರಿದ ತಾರೀಖನ್ನು ಮಾತ್ರ ಯಾರೂ ತಿದ್ದಲಾಗುವುದಿಲ್ಲ. ಅದಕ್ಕೇ ನಮ್ಮ ರಾಜ್ಯದಲ್ಲಿ ಸರ್ಕಾರಿ ನೌಕರರ ಜ್ಯೇಷ್ಠತೆಗೆಂದು 1957ರಲ್ಲೇ ನಿಯಮಗಳು ಬಂದವು. ಮೊದಲು ತಾತ್ಕಾಲಿಕ ಪಟ್ಟಿ, ಆಮೇಲೆ ಆಕ್ಷೇಪಣೆಗೆ ಅವಕಾಶ, ಕೊನೆಗೆ ಅಂತಿಮ ಪಟ್ಟಿ. ಕಾರ್ಖಾನೆಗಳ ವಿಷಯದಲ್ಲಿ 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಇನ್ನೊಂದು ಸೂತ್ರ ಕೊಟ್ಟಿತು: ಆಳು ಕಡಿಮೆ ಮಾಡಲೇಬೇಕಾದರೆ, ಅದೇ ದರ್ಜೆಯಲ್ಲಿ ಕೊನೆಗೆ ಸೇರಿದವನು ಸಾಮಾನ್ಯವಾಗಿ ಮೊದಲು ಹೊರಗೆ. ಬೇರೆಯವರನ್ನು ತೆಗೆಯುವುದಾದರೆ ಮಾಲೀಕ ಕಾರಣ ಬರೆದಿಡಬೇಕಿತ್ತು. ಮುಂದೆ ಮತ್ತೆ ಆಳು ಬೇಕಾದಾಗ, ಹೊರಗೆ ಕಳಿಸಿದವರಿಗೆ ಮೊದಲ ಅವಕಾಶ ಕೊಡಬೇಕಿತ್ತು. ಇಪ್ಪತ್ತು ವರ್ಷ ದುಡಿದವನನ್ನು ಸಂಬಳ ಜಾಸ್ತಿಯಾಯಿತೆಂದು ಕಿತ್ತುಹಾಕದಂತೆ ಹಾಕಿದ ಬೇಲಿ ಇದು.

ಗ್ರಾಚ್ಯುಟಿಯೂ ಹೀಗೆಯೇ. 1972ರ ಕಾಯ್ದೆ ಪ್ರತಿ ಪೂರ್ಣ ವರ್ಷದ ಸೇವೆಗೆ 15 ದಿನದ ಸಂಬಳ ಎಂದು ನಿಗದಿಪಡಿಸಿತು, ತಿಂಗಳಿಗೆ 26 ದಿನದ ಲೆಕ್ಕದಲ್ಲಿ. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 26 ಸಾವಿರ ಇದ್ದವರು ಹತ್ತು ವರ್ಷ ದುಡಿದಿದ್ದರೆ ಒಂದೂವರೆ ಲಕ್ಷ ಬರುತ್ತಿತ್ತು. ಇದನ್ನು ಯಾರೂ ಕೊಡುಗೆ ಎಂದುಕೊಳ್ಳಬಾರದು. ದುಡಿದಾಗ ಕೈಗೆ ಬಾರದೆ ತಡವಾಗಿ ಬಂದ ಕೂಲಿ ಅದು. ಹಿರಿಯರಿಗೆ ಸಿಗುವ ಅನೇಕ ಸೌಲಭ್ಯಗಳು ಹೀಗೆ ತಡವಾಗಿ ಬಂದ ಕೂಲಿಯೇ.

ಹಾಗಾದರೆ ತಕರಾರು ಎಲ್ಲಿಂದ ಬರುತ್ತದೆ? ದೂರ ಹೋಗುವುದು ಬೇಡ. ಯಾವುದೇ ಸರ್ಕಾರಿ ಶಾಲೆಯ ಸ್ಟಾಫ್ ರೂಮಿಗೆ ಹೋಗಿ ನೋಡಿ. 2006ರ ಏಪ್ರಿಲ್ 1ಕ್ಕೆ ಮುಂಚೆ ನೌಕರಿಗೆ ಸೇರಿದ ಮೇಷ್ಟ್ರು ಪೂರ್ಣ ಸೇವೆ ಮಾಡಿ ನಿವೃತ್ತರಾದರೆ ಕೊನೆಯ ಮೂಲವೇತನದ ಅರ್ಧದಷ್ಟು ಪಿಂಚಣಿ. ಅವರ ಪಕ್ಕದ ಕುರ್ಚಿಯಲ್ಲಿ ಕೂತು, ಅದೇ ತರಗತಿಗೆ ಪಾಠ ಮಾಡುವ, ಆಮೇಲೆ ಸೇರಿದ ಮೇಡಂಗೆ ಎನ್‌ಪಿಎಸ್. ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ. 10 ಕಡಿತವಾಗುತ್ತದೆ, ಸರ್ಕಾರವೂ ತನ್ನ ಪಾಲು ಹಾಕುತ್ತದೆ, ಕೊನೆಗೆ ಎಷ್ಟು ಬರುತ್ತದೆ ಎಂಬುದು ಮಾರುಕಟ್ಟೆಗೆ ಬಿಟ್ಟದ್ದು. ಈ ಮೇಡಂ ಮೂವತ್ತು ವರ್ಷ ಸೇವೆ ಮಾಡಿದರೂ ಆ ಮೇಷ್ಟ್ರ ಜಾಗ ಮುಟ್ಟುವುದಿಲ್ಲ. ಇಲ್ಲಿ ಸೊಸೆಯ ಕಾಲವನ್ನೇ ರದ್ದು ಮಾಡಲಾಗಿದೆ.

ಅದೇ ಕೋಣೆಯಲ್ಲಿ ಮೂರನೆಯವರೂ ಇರುತ್ತಾರೆ, ಅತಿಥಿ ಶಿಕ್ಷಕರು. ಅವರಿಗೆ ಜ್ಯೇಷ್ಠತಾ ಪಟ್ಟಿಯೇ ಇಲ್ಲ. ಎಷ್ಟು ವರ್ಷ ಪಾಠ ಹೇಳಿರಲಿ, ಶಾಲೆ ಶುರುವಾದಾಗ ಅವರು ಮತ್ತೆ ಹೊಸಬರು. ಒಂದೇ ಗಂಟೆಗೆ ತರಗತಿಗೆ ಹೋಗಿ, ಒಂದೇ ಎಸ್‌ಎಸ್‌ಎಲ್‌ಸಿ ಫಲಿತಾಂಶಕ್ಕೆ ಉತ್ತರ ಹೇಳುವ ಮೂವರಿಗೆ ಮೂರು ಬಗೆಯ ಮುಂದಿನ ದಿನಗಳು. ಹೀಗಿದ್ದೂ ಮಕ್ಕಳ ಎದುರು ಅದನ್ನು ತೋರಿಸಿಕೊಳ್ಳದೆ ಪಾಠ ಮಾಡುವವರನ್ನು ನೋಡಿದರೆ ನನಗೆ ಗೌರವ ಹೆಚ್ಚುತ್ತದೆ.

ಇದು ನಮ್ಮಲ್ಲಿ ಮಾತ್ರ ಇರುವ ರೋಗವಲ್ಲ. ಅಮೆರಿಕದಲ್ಲಿ ಕಾರು ತಯಾರಿಸುವ ಮೂರು ದೊಡ್ಡ ಕಂಪನಿಗಳ ಕಾರ್ಮಿಕ ಸಂಘ 2007ರಲ್ಲಿ ಒಂದು ಒಪ್ಪಂದ ಮಾಡಿಕೊಂಡಿತು. ಹಳಬರ ಕೂಲಿ ಹಾಗೇ ಇರಲಿ, ಹೊಸದಾಗಿ ಸೇರುವ ಅನೇಕರಿಗೆ ಸುಮಾರು ಅರ್ಧ ಕೂಲಿ ಸಾಕು ಎಂದು. ಕಂಪನಿಗಳು ಕಷ್ಟದಲ್ಲಿದ್ದವು, ಹಳಬರಿಗೆ ತಮ್ಮದು ಉಳಿದರೆ ಸಾಕಿತ್ತು. ಮುಂದೆ ಏನಾಯಿತು? ಒಂದೇ ಸಾಲಿನಲ್ಲಿ ನಿಂತು ಒಂದೇ ಕೆಲಸ ಮಾಡುವ ಇಬ್ಬರಿಗೆ ಎರಡು ಕೂಲಿ. ಸಂಘದೊಳಗೇ ಅಸಮಾಧಾನ ಬೆಳೆಯಿತು. 2023ರಲ್ಲಿ ಅದೇ ಸಂಘ ಆರು ವಾರ ಮುಷ್ಕರ ಮಾಡಿತು. ಅದರ ಮುಖ್ಯ ಬೇಡಿಕೆಗಳಲ್ಲಿ ಒಂದು, ಈ ಎರಡು ದರ್ಜೆ ಹೋಗಬೇಕು ಎಂಬುದು. ಪೂರ್ಣ ಕೂಲಿ ತಲುಪಲು ಎಂಟು ವರ್ಷ ಬೇಕಾಗಿದ್ದದ್ದು ಮೂರು ವರ್ಷಕ್ಕೆ ಇಳಿಯಿತು. ಪೂರ್ಣ ಕೂಲಿ ಪಡೆಯುತ್ತಿದ್ದ ಹಳಬರೂ ಹೊಸಬರ ಜೊತೆ ಬೀದಿಗೆ ಇಳಿದಿದ್ದರು ಎಂಬುದನ್ನು ಗಮನಿಸಬೇಕು.

ಈಗ ನನ್ನ ಕ್ಷೇತ್ರಕ್ಕೆ ಬರುತ್ತೇನೆ. ಸಾಫ್ಟ್‌ವೇರಿನಲ್ಲಿ ಲೆಕ್ಕ ತಲೆಕೆಳಗು. ಇಲ್ಲಿ ಹಳಬರಿಗಿಂತ ಹೊಸದಾಗಿ ಹೊರಗಿನಿಂದ ಬಂದವರಿಗೆ ಸಂಬಳ ಹೆಚ್ಚಿರುವುದು ಸಾಮಾನ್ಯ. ಒಂದು ಲೆಕ್ಕ ಹಾಕೋಣ. ಇಬ್ಬರು ವರ್ಷಕ್ಕೆ 6 ಲಕ್ಷಕ್ಕೆ ಸೇರಿದರು ಎಂದಿಟ್ಟುಕೊಳ್ಳಿ. ಒಬ್ಬ ಅಲ್ಲೇ ಉಳಿದ, ವರ್ಷಕ್ಕೆ ಶೇ. 8 ಇನ್‌ಕ್ರಿಮೆಂಟ್. ಐದು ವರ್ಷಕ್ಕೆ ಅವನ ಸಂಬಳ ಸುಮಾರು 8 ಲಕ್ಷ 80 ಸಾವಿರ. ಇನ್ನೊಬ್ಬ ಎರಡು ಸಲ ಕಂಪನಿ ಬದಲಿಸಿದ, ಪ್ರತಿ ಸಲ ಶೇ. 30 ಹೆಚ್ಚು. ನಡುವೆ ಬೇರೇನೂ ಏರದಿದ್ದರೂ 10 ಲಕ್ಷ 14 ಸಾವಿರ. ನಿಷ್ಠೆಗೆ ದಂಡ ಬಿದ್ದಂತಾಯಿತು.

ನಾನು ಹಿಂದೆ ಕೆಲಸ ಮಾಡಿದ ಒಂದು ಕಂಪನಿಯಲ್ಲಿ ಹನ್ನೊಂದು ವರ್ಷದಿಂದ ಇದ್ದ ಒಬ್ಬ ಹಿರಿಯ ಸಹೋದ್ಯೋಗಿ ಇದ್ದರು. ತಿಂಗಳ ಕೊನೆಗೆ ಗ್ರಾಹಕರ ಬಿಲ್ ತಯಾರಿಸುವ ಹಳೆಯ ಪ್ರೋಗ್ರಾಮ್ ಅವರ ಕೈಯಲ್ಲೇ ಬೆಳೆದದ್ದು. ನಾಲ್ಕು ವರ್ಷ ಅನುಭವದ ಹುಡುಗನೊಬ್ಬ ಹೊಸದಾಗಿ ಬಂದ. ಚುರುಕಾದ ಹುಡುಗ. ಒಂದು ದಿನ ಚಹಾ ಕುಡಿಯುವಾಗ ಅವನ ಸಂಬಳ ತಮಗಿಂತ ಹೆಚ್ಚೆಂದು ಅವರಿಗೆ ತಿಳಿಯಿತು. ಅವರು ಜಗಳ ಆಡಲಿಲ್ಲ. ಅಂದಿನಿಂದ ಅವನು ಏನು ಕೇಳಿದರೂ ಒಂದೇ ಉತ್ತರ: "ಡಾಕ್ಯುಮೆಂಟ್‌ನಲ್ಲಿದೆ, ನೋಡಿಕೊಳ್ಳಿ." ಡಾಕ್ಯುಮೆಂಟ್‌ನಲ್ಲಿ ಎಲ್ಲವೂ ಇರಲಿಲ್ಲ. ಕೆಲವು ಹಳೆಯ ಗ್ರಾಹಕರಿಗೆ ಬೇರೆಯೇ ದರವಿದೆ ಎಂಬುದು ಅವರ ತಲೆಯಲ್ಲಿ ಮಾತ್ರ ಇತ್ತು. ಹುಡುಗ ಪ್ರೋಗ್ರಾಮ್ ಬದಲಿಸಿದ, ಬಿಲ್ಲುಗಳು ತಪ್ಪಾಗಿ ಹೋದವು, ಎಲ್ಲರೂ ಎರಡು ರಾತ್ರಿ ನಿದ್ದೆಗೆಟ್ಟರು. ಆಮೇಲಿನ ಮೀಟಿಂಗಿನಲ್ಲಿ ಪ್ರೋಗ್ರಾಮ್ ಬಗ್ಗೆ ಎರಡು ಗಂಟೆ ಚರ್ಚೆಯಾಯಿತು. ಸಂಬಳದ ಮಾತು ಯಾರೂ ಎತ್ತಲಿಲ್ಲ. ಆರು ತಿಂಗಳಲ್ಲಿ ಆ ಹಿರಿಯರು ಬೇರೆ ಕಡೆ ಹೋದರು, ಹೆಚ್ಚಿನ ಸಂಬಳಕ್ಕೇ. ಅವರಿಗೆ ಕೊಡದೆ ಉಳಿಸಿದ್ದಕ್ಕಿಂತ ಹೆಚ್ಚು ಹಣ ಅವರ ಜಾಗ ತುಂಬಲು ಖರ್ಚಾಯಿತು.

ಹಳಬರ ತಿಳಿವಳಿಕೆಗೆ ಬೆಲೆ ಎಷ್ಟೆಂದು ಕೆಲವೊಮ್ಮೆ ಸರ್ಕಾರಗಳಿಗೂ ತಡವಾಗಿ ಗೊತ್ತಾಗುತ್ತದೆ. 2020ರ ಏಪ್ರಿಲ್‌ನಲ್ಲಿ, ಕೊರೊನಾ ಕಾಲದಲ್ಲಿ, ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ನಿರುದ್ಯೋಗ ಭತ್ಯೆಗೆ ಅರ್ಜಿಗಳ ಪ್ರವಾಹವೇ ಬಂತು. ದಶಕಗಳಷ್ಟು ಹಳೆಯ ಕಂಪ್ಯೂಟರ್ ವ್ಯವಸ್ಥೆ ಏದುಸಿರು ಬಿಟ್ಟಿತು. ಕೋಬಾಲ್ ಎಂಬ ಹಳೆಯ ಭಾಷೆ ಬಲ್ಲವರು ಸಹಾಯಕ್ಕೆ ಬನ್ನಿ ಎಂದು ರಾಜ್ಯಪಾಲರೇ ಬಹಿರಂಗವಾಗಿ ಕೇಳಿಕೊಂಡರು.

ಹಾಗೆಂದು ಹಳಬರ ಎಲ್ಲ ಸೌಲಭ್ಯವೂ ನ್ಯಾಯವೆಂದು ನಾನು ಹೇಳುತ್ತಿಲ್ಲ. ನಮ್ಮಲ್ಲಿ ಹಬ್ಬದ ದಿನವೂ ಒಬ್ಬರು ಲ್ಯಾಪ್‌ಟಾಪ್ ಮುಂದೆ ಇರಲೇಬೇಕು. ಯುಗಾದಿಗೂ ಅವನೇ, ದೀಪಾವಳಿಗೂ ಅವನೇ, ಕೊನೆಗೆ ಸೇರಿದವನು. ಮುಂದಿನ ವರ್ಷ ಹೊಸಬರು ಬರುತ್ತಾರೆ, ಆಗ ನಿನಗೆ ಬಿಡುಗಡೆ ಎನ್ನುತ್ತಾರೆ. ಆದರೆ ನೇಮಕಾತಿ ನಿಂತುಹೋದರೆ? ಕೊನೆಗೆ ಬಂದವನು ಐದು ವರ್ಷವಾದರೂ ಕೊನೆಯವನೇ. ಸರ್ಕಾರಿ ಹುದ್ದೆಗಳು ವರ್ಷಗಟ್ಟಲೆ ಖಾಲಿ ಬಿದ್ದಿರುವ ಕಚೇರಿಗಳಲ್ಲೂ ಇದೇ ಪಾಡು. ಹಿಂದಿನಿಂದ ಜನ ಬರುತ್ತಿದ್ದರೆ ಮಾತ್ರ ಸಾಲು ಮುಂದೆ ಸಾಗಿದ ಹಾಗೆ ಅನಿಸುತ್ತದೆ. ನಮ್ಮ ತಂಡವೊಂದರಲ್ಲಿ ಕೊನೆಗೆ ಸರಳ ನಿಯಮ ಮಾಡಿದೆವು: ಹೋದ ದೀಪಾವಳಿಗೆ ಕೂತವರಿಗೆ ಈ ದೀಪಾವಳಿ ರಜೆ, ಎಷ್ಟೇ ಹಿರಿಯರಿರಲಿ, ಕಿರಿಯರಿರಲಿ. ಗೊಣಗಾಟ ನಿಂತಿತು.

ಆದ್ದರಿಂದ ಯಾವುದೇ ಹಿರಿತನದ ಸೌಲಭ್ಯವನ್ನು ಅಳೆಯಲು ನಾನು ಎರಡು ಪ್ರಶ್ನೆ ಕೇಳುತ್ತೇನೆ. ಇಂದು ಸೇರಿದವನಿಗೂ ಅಷ್ಟು ವರ್ಷವಾದ ಮೇಲೆ ಇದು ಸಿಗುತ್ತದೆಯೇ? ಇದರ ಜೊತೆಗೆ ಕಲಿಸುವ ಜವಾಬ್ದಾರಿಯೂ ಇದೆಯೇ? ಎರಡಕ್ಕೂ ಹೌದು ಎಂದಾದರೆ ಅದು ಸರದಿ ಸಾಲು. ಕಾಯುವವರಿಗೂ ಮರ್ಯಾದೆ ಇದೆ. ಮೊದಲನೆಯದಕ್ಕೇ ಇಲ್ಲ ಎಂದಾದರೆ ಅದು ಕಾಂಪೌಂಡು ಗೋಡೆ.

ವಿದ್ಯಾರ್ಥಿಗಳೇ, ನಾಳೆ ನೀವು ಕೆಲಸಕ್ಕೆ ಸೇರಿದಾಗ ಮೊದಲ ಸಂಬಳದ ಜೊತೆಗೆ ಐದು ವರ್ಷದ ನಂತರ ಏನು ಎಂಬುದನ್ನೂ ಕೇಳಿ. ಹಳಬರು ನಿಧಾನ ಎನಿಸಿದರೆ, ಆ ಪದ್ಧತಿ ಯಾಕೆ ಬಂತೆಂದು ಕೇಳಿ ತಿಳಿದುಕೊಂಡು ಆಮೇಲೆ ಬದಲಿಸಿ. ಈಗಾಗಲೇ ಹಿರಿಯರಾಗಿರುವ ನನ್ನ ಗೆಳೆಯರೇ, ನಿಮಗೆ ಗೊತ್ತಿರುವುದನ್ನು ಬರೆದಿಡಿ, ಹೇಳಿಕೊಡಿ. ಬಚ್ಚಿಟ್ಟ ವಿದ್ಯೆಯಿಂದ ಕುರ್ಚಿ ಉಳಿಯುವುದು ಸ್ವಲ್ಪ ದಿನ ಮಾತ್ರ. ಸಂಬಳದ ಸಿಟ್ಟಿದ್ದರೆ ಅದನ್ನು ಕೊಡುವವರ ಮುಂದೆ ಇಡಿ, ಪಕ್ಕದಲ್ಲಿ ಕೂತ ಹುಡುಗನ ಮೇಲೆ ಹಾಕಬೇಡಿ. ಆ ಲೆಕ್ಕ ಬರೆದವನು ಅವನಲ್ಲ.

ಕೊನೆಯದಾಗಿ ಈ ಸಭೆಗೆ ಒಂದು ವಿನಂತಿ. ಐವತ್ತು ವರ್ಷ ತುಂಬಿದ ಶಾಲೆಯಲ್ಲಿ ಖಾಯಂ ಶಿಕ್ಷಕರಿಗೆ, ಹಳೆಯ ವಿದ್ಯಾರ್ಥಿಗಳಾದ ನಮಗೆ, ಊರಿನ ಹಿರಿಯರಿಗೆ ಮಾತಿನ ತೂಕವಿದೆ. ಅತಿಥಿ ಶಿಕ್ಷಕರ ಗೌರವಧನ ಸಮಯಕ್ಕೆ ಬರಲಿ, ಅವರು ಪಾಠ ಮಾಡಿದ ವರ್ಷಗಳು ಲೆಕ್ಕಕ್ಕೆ ಸಿಗಲಿ ಎಂದು ಆ ತೂಕವಿರುವವರೇ ಕೇಳಬೇಕು. ಅವರೇ ಕೇಳಿದರೆ ಮುಂದಿನ ವರ್ಷ ಕೆಲಸವಿರುತ್ತದೋ ಇಲ್ಲವೋ ಎಂಬ ಭಯ ಅವರಿಗಿದೆ. ನಮಗೆ ಆ ಭಯವಿಲ್ಲ. ಸಮಾರಂಭ ಮುಗಿಯುವುದರೊಳಗೆ ಅಂಥದೊಂದು ಮನವಿ ಸಿದ್ಧವಾದರೆ ಮೊದಲ ಸಾಲಿನಲ್ಲೇ ಸಹಿ ಹಾಕಲು ನಾನು ತಯಾರಿದ್ದೇನೆ.